ಲೇಸರ್‌ಗೆ ಮೈಕ್ರೋಮಿರರ್ ಬೋರ್ಡ್: ಬಹುಕಾಲ ಬಳಸಿದ ಮೇಲೆ, ಮುಖ್ಯವಾಗಿ ಪಟ್ಟೆಗಳ ಕಾಟದ ಬಗ್ಗೆ

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿಮೆ ಮಾಡಿದ್ದು ಕೈಪಿಡಿಯ ಲೆಕ್ಕಕ್ಕೆ. ಲೇಸರ್ ಬಳಸುವವರಿಗೆ ಬೇಕಾದದ್ದು ಅದರಲ್ಲಿ ಹೆಚ್ಚೇನೂ ಇಲ್ಲ.

ಇದು 1920×1080 ಪುಟ್ಟ ಕನ್ನಡಿಗಳನ್ನು ವಾಲಿಸಿ ಬೆಳಕಿನಿಂದ ಚಿತ್ರ ಮೂಡಿಸುವ ಡಿಎಂಡಿ (ಡಿಜಿಟಲ್ ಮೈಕ್ರೋಮಿರರ್ ಡಿವೈಸ್) ಚಿಪ್ ಇರುವ ಬೋರ್ಡ್. ಕನ್ನಡಿಯಿಂದ ಕನ್ನಡಿಗೆ 7.56 ಮೈಕ್ರಾನ್. ಪ್ರತಿ ಕನ್ನಡಿಯೂ ಮೂಲೆಯಿಂದ ಮೂಲೆಗೆ ಹಾಯುವ ಗೆರೆಯ ಸುತ್ತ 12 ಡಿಗ್ರಿ ಅತ್ತ ಅಥವಾ ಇತ್ತ ವಾಲುತ್ತದೆ. ಬರೀ ಕಪ್ಪು-ಬಿಳುಪು ಚಿತ್ರಗಳಾದರೆ ಸೆಕೆಂಡಿಗೆ 9,523ರವರೆಗೆ ಬದಲಿಸಬಹುದು. ಎಲ್‌ಇಡಿ ಬೆಳಕಿನಲ್ಲಿ ನನ್ನದೇನೂ ದೂರಿಲ್ಲ. ಲೇಸರ್ ಹಾಯಿಸಿದರೆ ಮಾತ್ರ ಪರದೆ ತುಂಬಾ ಪಟ್ಟೆ.

ಈ ಪಟ್ಟೆಗಳೆಲ್ಲ ಒಂದೇ ಜಾತಿಯವಲ್ಲ. ಯಾವುದು ಎಲ್ಲಿಂದ ಬಂತು ಅಂತ ತಿಳಿಯದೆ ಲೆನ್ಸ್ ಬದಲಿಸುತ್ತಾ ಕೂತರೆ ಸುಮ್ನೆ ದುಡ್ಡು ದಂಡ.

ಮೊದಲು ಲೇಸರ್ ಡಯೋಡಿನ ಕರೆಂಟನ್ನು ಥ್ರೆಶೋಲ್ಡ್‌ಗಿಂತ (ಅದು ಲೇಸರ್ ಆಗಿ ಬೆಳಗಲು ಬೇಕಾದ ಕನಿಷ್ಠ ಕರೆಂಟ್) ಕೆಳಗೆ ಇಳಿಸಿ ನೋಡಿ. ಆಗ ಅದು ಹೆಚ್ಚುಕಮ್ಮಿ ಎಲ್‌ಇಡಿಯಂತೆ ಬೆಳಗುತ್ತದೆ. ಬೆಳಕು ಮಂಕಾಗುತ್ತದೆ, ಕ್ಯಾಮೆರಾದ ಎಕ್ಸ್‌ಪೋಷರ್ ಏರಿಸಿಕೊಳ್ಳಿ. ಪಟ್ಟೆ ಮಾಯವಾದರೆ ಅದು ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಹುಟ್ಟಿದ್ದು. ಹಾಗೇ ಉಳಿದರೆ ಲೇಸರ್‌ದೇನೂ ತಪ್ಪಿಲ್ಲ. ಅಡ್ಡ ಪಟ್ಟೆಗಳು ತೆವಳುತ್ತಿದ್ದರೆ ಕ್ಯಾಮೆರಾದ ರೋಲಿಂಗ್ ಶಟರ್ (ಚಿತ್ರವನ್ನು ಸಾಲುಸಾಲಾಗಿ ಹಿಡಿಯುವ ಕ್ರಮ) ನೋಡಿ, ಬೋರ್ಡ್ ಮತ್ತು ಕ್ಯಾಮೆರಾವನ್ನು ಒಟ್ಟಿಗೆ ನಡೆಸುವ ಟ್ರಿಗರ್ ಕೇಬಲ್ ಹಾಕಿದರೆ ಮುಗಿಯಿತು. ಫೋಕಸ್ ಜೊತೆ ಪಟ್ಟೆಯ ಅಗಲವೂ ಬದಲಾದರೆ ಕನ್ನಡಿಗಳ ಸಾಲು ಮತ್ತು ಕ್ಯಾಮೆರಾ ಪಿಕ್ಸೆಲ್‌ಗಳ ಸಾಲು ಸೇರಿ ಆದ ಮೊಯರೆ ಎಂಬ ಹುಸಿ ಪಟ್ಟೆ ಇರಬಹುದು.

ಅಲೆಗಳದ್ದೇ ಆದರೆ ಚಿಪ್ಪನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ. ಪಟ್ಟೆಯೂ ಜೊತೆಗೆ ಸರಿದರೆ ಚಿಪ್ ಮೇಲಿನ ಗಾಜಿನದು. ಸರಿಯದಿದ್ದರೆ ಕ್ಯಾಮೆರಾವನ್ನು ತಿರುಗಿಸಿ. ಚಿತ್ರ ತಿರುಗಿದರೂ ಪಟ್ಟೆ ಚೌಕಟ್ಟಿನಲ್ಲಿ ಇದ್ದಲ್ಲೇ ಇದ್ದರೆ ಸೆನ್ಸರ್ ಮುಂದಿನ ಗಾಜನ್ನು ಅನುಮಾನಿಸಬೇಕು.

ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ಚಿಪ್ ಮೇಲಿನ ಗಾಜು. ಅದರ ಎರಡು ಮುಖಗಳ ನಡುವೆ ಬೆಳಕು ಒಮ್ಮೆ ಹೋಗಿ ಬಂದು ಮೂಲ ಕಿರಣದ ಜೊತೆ ಸೇರುತ್ತದೆ. ಪ್ರತಿ ಮುಖವೂ 0.5 ಪ್ರತಿಶತ ಹಿಂದಿರುಗಿಸಿದರೆ ಬೆಳಕು ಸುಮಾರು 1 ಪ್ರತಿಶತ ಮೇಲೆ-ಕೆಳಗೆ ಆಗುತ್ತದೆ. ಲೇಪನವಿಲ್ಲದ ಗಾಜಿನಂತೆ 4 ಪ್ರತಿಶತ ಹಿಂದಿರುಗಿದರೆ ಅದೇ ಏರಿಳಿತ 8. ಕಣ್ಣಿಗೆ ಕಾಣುವ ಬೆಳಕಿಗೆಂದು ಲೇಪನ ಮಾಡಿದ ಗಾಜಿಗೆ ಇನ್‌ಫ್ರಾರೆಡ್ ಲೇಸರ್ ಬಿಟ್ಟರೆ ಪಟ್ಟೆ ಎದ್ದು ಕಾಣುವುದು ಅದಕ್ಕೇ. ಗಾಜು ಸೀಲ್ ಆಗಿರುತ್ತದೆ, ಅದನ್ನು ಕೀಳಲು ಹೋಗಬೇಡಿ. ಬರೀ ಬೆಳಕು ಹಾಯಿಸುವ ಕೆಲಸವಾದರೆ ತಿರುಗುವ ಡಿಫ್ಯೂಸರ್ (ಬೆಳಕನ್ನು ಚದುರಿಸುವ ಮಸುಕು ಗಾಜು) ಸಾಕು. ಅಲೆಯ ಹಂತವನ್ನೇ (ಫೇಸ್) ನಂಬಿ ಚಿತ್ರ ಕಟ್ಟುವ ಹಾಲೊಗ್ರಫಿಗೆ ಅದು ಆಗಲ್ಲ, ಆ ಹಂತವೇ ಕಲಸಿಹೋಗುತ್ತದೆ. ಅಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿ ಅಳೆದಿಟ್ಟು, ಆಮೇಲಿನ ಚಿತ್ರಗಳನ್ನು ಅದರಿಂದ ಭಾಗಿಸಿಕೊಳ್ಳುವುದೇ ದಾರಿ. ಲೇಸರ್ ಬಿಸಿಯಾಗಿ ನೆಲೆಗೊಂಡ ಮೇಲೆ ಅಳೆಯಿರಿ. ಇಲ್ಲದಿದ್ದರೆ ತರಂಗಾಂತರ ಜರುಗುತ್ತದೆ, ಪಟ್ಟೆಯೂ ಜರುಗುತ್ತದೆ, ಅಳೆದಿಟ್ಟದ್ದು ದಂಡ.

ಇನ್ನೊಂದು ಜಾತಿ ಸಣ್ಣ, ಒತ್ತೊತ್ತಾದ ಪಟ್ಟೆಗಳದ್ದು. ಲೇಸರ್ ಕಣ್ಣಿಗೆ ಈ ಚಿಪ್ ಒಂದು ಗ್ರೇಟಿಂಗ್ (ಒತ್ತೊತ್ತಾದ ಸಾಲುಗಳಿಂದ ಬೆಳಕನ್ನು ಹಲವು ದಿಕ್ಕಿಗೆ ಒಡೆಯುವ ಮೇಲ್ಮೈ), ಅಲ್ವಾ? ಹೋದ ಬೆಳಕು ಬೇರೆ ಬೇರೆ ಆರ್ಡರ್‌ಗಳ ಚುಕ್ಕಿಗಳಾಗಿ ಹೊರಬರುತ್ತದೆ. ಆರ್ಡರ್ ಅಂದರೆ ಆ ದಿಕ್ಕುಗಳ ಕ್ರಮಸಂಖ್ಯೆ; ಅದರ ಲೆಕ್ಕ ಪೂರ್ಣಸಂಖ್ಯೆಗೆ ಹತ್ತಿರವಿದ್ದಷ್ಟೂ ಬೆಳಕು ಒಂದೇ ಚುಕ್ಕಿಯಲ್ಲಿ ಉಳಿಯುತ್ತದೆ. 24 ಡಿಗ್ರಿಯಲ್ಲಿ ಬೆಳಕು ಬಿಟ್ಟು ನೇರವಾಗಿ ಹೊರತೆಗೆದರೆ 532 ನ್ಯಾನೊಮೀಟರ್ ಹಸಿರಿಗೆ ಲೆಕ್ಕ 4.1 ಬರುತ್ತದೆ, ಅಂದರೆ ಹೆಚ್ಚಿನ ಬೆಳಕು ನಾಲ್ಕನೇ ಆರ್ಡರ್‌ನಲ್ಲೇ ಇರುತ್ತದೆ. 633 ಕೆಂಪಿಗೆ ಬರುವುದು 3.4. ಬೆಳಕು ನಾಲ್ಕು ಚುಕ್ಕಿಗಳಿಗೆ ಹಂಚಿಹೋಗುತ್ತದೆ. ಅವುಗಳಲ್ಲಿ ಎರಡು ಲೆನ್ಸಿನೊಳಗೆ ನುಗ್ಗಿದರೆ ಪಟ್ಟೆ ಗ್ಯಾರಂಟಿ. ಲೆನ್ಸಿನ ಫೋಕಸ್ ತಲದಲ್ಲಿ ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ರಂಧ್ರ) ಇಟ್ಟು ಒಂದೇ ಚುಕ್ಕಿ ಹಾಯುವಂತೆ ಮಾಡಿದರೆ ಚಿತ್ರ ಶುಭ್ರ, ಆದರೆ ಬೆಳಕಿನ ದೊಡ್ಡ ಪಾಲು ಹೋಯಿತು. ಬೆಳಕು ಬಿಡುವ ಕೋನವನ್ನು ಸುಮಾರು 43 ಡಿಗ್ರಿಗೆ ಒಯ್ದರೆ ಕೆಂಪು ಮೂರನೇ ಆರ್ಡರ್‌ಗೆ ಕೂರುತ್ತದೆ. ಆಗ ಕಿರಣ ಇನ್ನೊಂದು ಪಕ್ಕಕ್ಕೆ 19 ಡಿಗ್ರಿ ಓರೆಯಾಗಿ ಹೊರಡುತ್ತದೆ, ಚಿತ್ರದ ಒಂದು ಅಂಚು ಫೋಕಸ್ ತಪ್ಪುತ್ತದೆ.

ಬಾಳಿಕೆ ಚೆನ್ನಾಗಿದೆ. ನಾನು ಒಂದೇ ಚಿತ್ರವನ್ನು ಗಂಟೆಗಟ್ಟಲೆ ಹಿಡಿದಿಡುವುದಿಲ್ಲ. ಕೆಲಸವಿಲ್ಲದಾಗ ಕನ್ನಡಿಗಳು ಎರಡೂ ಕಡೆ ಸಮನಾಗಿ ವಾಲುವ ಐಡಲ್ ಮೋಡ್‌ನಲ್ಲಿಡುತ್ತೇನೆ. ಆಫ್ ಮಾಡುವ ಮುಂಚೆ ಪಾರ್ಕ್ ಮಾಡುತ್ತೇನೆ, ಅಂದರೆ ಕನ್ನಡಿಗಳನ್ನು ವಾಲದೆ ಸಮತಟ್ಟಾಗಿ ನಿಲ್ಲಿಸುತ್ತೇನೆ. ಸಿಕ್ಕಿಕೊಂಡ ಕನ್ನಡಿ ಇದುವರೆಗೆ ಕಂಡಿಲ್ಲ.

ಹಸಿರು ಲೇಸರ್ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬರೀ ಕೆಂಪಿನ ಕೆಲಸವಾದರೆ 10.8 ಮೈಕ್ರಾನ್ ಕನ್ನಡಿಗಳ ಚಿಪ್ ನೋಡಿ. ಅಲ್ಲಿ ಇದೇ 24 ಡಿಗ್ರಿಗೆ 633ರ ಲೆಕ್ಕ 4.9 ಬರುತ್ತದೆ, ಅಂದರೆ ಹೆಚ್ಚಿನ ಬೆಳಕು ಐದನೇ ಆರ್ಡರ್‌ನಲ್ಲೇ.