ಹದಿನಾರು ಎಲೆಗೂ ಒಟ್ಟಿಗೆ ಬಡಿಸಬೇಕು: ಮೈಸೂರಿನ ಹೋಟೆಲುಗಳಲ್ಲಿ ಗುಂಪಿನ ರಾತ್ರಿಯೂಟ, ನಾಲ್ಕು ವರ್ಷದ ಬಳಕೆಯ ಮೇಲೆ

ಯಾವುದೋ ಒಂದು ಹೋಟೆಲಿನ ವಿಮರ್ಶೆ ಇದಲ್ಲ. ಹನ್ನೆರಡರಿಂದ ಮೂವತ್ತು ಜನರ ಗುಂಪಿಗೆ ಮೈಸೂರಿನ ಹೋಟೆಲುಗಳು ರಾತ್ರಿಯೂಟ ಹೇಗೆ ಕೊಡುತ್ತವೆ ಎನ್ನುವುದರ ಬಗ್ಗೆ ಬರೆದಿದ್ದು. ಆಫೀಸಿನ ಬೀಳ್ಕೊಡುಗೆ, ಹುಟ್ಟುಹಬ್ಬ, ಕಾಲೇಜು ಬ್ಯಾಚಿನವರ ಭೇಟಿ, ಬೀಗರ ಕಡೆಯವರೊಂದಿಗೆ ಮೊದಲ ಊಟ, ಹೀಗೆ ಎಲ್ಲಾ ಬಗೆಯ ಬುಕಿಂಗೂ ಇದರಲ್ಲಿ ಸೇರಿದೆ.

ನಾಲ್ಕು ಜನ ಹೋಗುವಾಗ ರುಚಿ ನೋಡಿ ಹೋಟೆಲ್ ಆರಿಸಬಹುದು. ಹದಿನಾರು ಜನ ಹೋಗುವಾಗ ಒಲೆ ಎಷ್ಟಿದೆ, ಬಡಿಸುವವರು ಎಷ್ಟು ಜನ ಅಂತ ನೋಡಿ ಆರಿಸಬೇಕು. ಗುಂಪಿನ ಊಟ ಕೆಡುವುದು ಉಪ್ಪು ಖಾರದ ದೆಸೆಯಿಂದಲ್ಲ. ಆರು ಜನ ತಿಂದು ಮುಗಿಸಿ ಕೂತಿರುತ್ತಾರೆ, ಆರು ಜನ ಅರ್ಧ ತಿಂದಿರುತ್ತಾರೆ, ಉಳಿದ ನಾಲ್ವರು ಖಾಲಿ ತಟ್ಟೆ ನೋಡಿಕೊಂಡು ನೀರು ಕುಡಿಯುತ್ತಿರುತ್ತಾರೆ. ಹಾಗೆ ಕಾಯುವ ನಾಲ್ವರಲ್ಲಿ ಒಬ್ಬರಂತೂ ಸಕ್ಕರೆ ಕಾಯಿಲೆಯ ಹಿರಿಯರು ಇದ್ದೇ ಇರುತ್ತಾರೆ.

ಮೊದಲು ಹೆಸರುವಾಸಿ ಜಾಗಗಳ ಮಾತು. ಹೊರಗಿನಿಂದ ನೆಂಟರು ಬಂದರೆ ನಜರಬಾದಿನ ಮೈಲಾರಿ ದೋಸೆ, ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಅಂತ ಎಲ್ಲರ ಬಾಯಲ್ಲೂ ಬರುತ್ತದೆ. ತಿನ್ನಲೇಬೇಕಾದ ತಿಂಡಿಗಳೇ. ಆದರೆ ಅವು ಚಿಕ್ಕ ಜಾಗಗಳು. ತಿಂದು ಎದ್ದು ಮುಂದಿನವರಿಗೆ ಜಾಗ ಬಿಡುವುದು ಅಲ್ಲಿನ ರೂಢಿ. ಮೂರು ನಾಲ್ಕು ಜನರಾಗಿ ಬೆಳಿಗ್ಗೆ ಹೋಗಿ ಬನ್ನಿ, ಹದಿನೈದು ಜನರ ರಾತ್ರಿಯೂಟಕ್ಕೆ ಆ ಹೆಸರುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಗಾಂಧಿ ಚೌಕದ ಹೋಟೆಲ್ ಆರ್‌ಆರ್‌ಆರ್‌ನಲ್ಲಿ ಬಾಳೆಲೆ ಮೇಲೆ ಬಿರಿಯಾನಿ ತಿನ್ನುವ ಖುಷಿಯೇ ಬೇರೆ. ಆದರೆ ಭಾನುವಾರ ಸಂಜೆ ಅರಮನೆಗೆ ದೀಪ ಹಾಕುವ ಹೊತ್ತಿನಲ್ಲಿ ಗಾಂಧಿ ಚೌಕ, ಕೆ.ಆರ್. ವೃತ್ತದ ಸುತ್ತ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಐದು ಕಾರಿನಲ್ಲಿ ಬಂದವರು ಐದು ಕಡೆ ನಿಲ್ಲಿಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತದೆ. ಆ ಭಾಗಕ್ಕೆ ಹೋಗುವುದಾದರೆ ವಾರದ ದಿನ ಹೋಗಿ.

ಫೋನ್ ಮಾಡಿದಾಗ ಬರುವ ಉತ್ತರವನ್ನು ಗಮನವಿಟ್ಟು ಕೇಳಬೇಕು. "ಎಷ್ಟು ಜನ ಸಾರ್, ಎಷ್ಟು ಗಂಟೆಗೆ, ಮಕ್ಕಳೆಷ್ಟು?" ಅಂತ ಕೇಳಿದರೆ ಅಲ್ಲೊಂದು ಬುಕಿಂಗ್ ಪುಸ್ತಕ ಇದೆ ಅಂತ ಅರ್ಥ. "ಬನ್ನಿ ಸಾರ್, ಅಡ್ಜಸ್ಟ್ ಮಾಡ್ಕೊಡ್ತೀವಿ" ಅಂದರೆ ಏನೂ ಬರೆದುಕೊಂಡಿಲ್ಲ. ಹೋದಾಗ ಎರಡು ಮೇಜು ಇಲ್ಲಿ, ಒಂದು ಮೇಜು ಕೈ ತೊಳೆಯುವ ಜಾಗದ ಪಕ್ಕ. ಹಾಗಾಗಿ ಮಧ್ಯಾಹ್ನ ಮೂರರಿಂದ ಐದರೊಳಗೆ, ಹೋಟೆಲ್ ಬಿಡುವಾಗಿರುವ ಹೊತ್ತಿನಲ್ಲಿ, ಒಮ್ಮೆ ಖುದ್ದಾಗಿ ಹೋಗಿ ಕ್ಯಾಪ್ಟನ್ ಜೊತೆ ಮಾತಾಡುವುದು ಒಳ್ಳೆಯದು. ಕ್ಯಾಷಿಯರ್ ಜೊತೆ ಅಲ್ಲ. ರಾತ್ರಿ ಮೇಜು ಜೋಡಿಸುವವರು ಕ್ಯಾಪ್ಟನ್, ಅಡುಗೆಮನೆಗೆ ಕೂಗಿ ಹೇಳುವವರೂ ಅವರೇ.

ಹೋದಾಗ ನೋಡಬೇಕಾದ್ದು: ಮೆಟ್ಟಿಲು ಎಷ್ಟು, ಲಿಫ್ಟ್ ರಾತ್ರಿ ಓಡುತ್ತದೆಯೇ, ಶೌಚಾಲಯ ಅದೇ ಮಹಡಿಯಲ್ಲಿದೆಯೇ, ಕುರ್ಚಿಗೆ ಬೆನ್ನು ಇದೆಯೇ. ಗೋಡೆಗೆ ಅಂಟಿಸಿದ ಉದ್ದ ಸೋಫಾ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಮಂಡಿ ನೋವಿನವರು ಒಳಗೆ ಸಿಕ್ಕಿಕೊಂಡರೆ ಎದ್ದು ಬರಲು ನಾಲ್ಕು ಜನ ಏಳಬೇಕು. ಹನ್ನೆರಡು ದಾಟಿದರೆ ಒಂದೇ ಉದ್ದ ಮೇಜು ಬೇಡ. ಈ ತುದಿಯವರಿಗೆ ಆ ತುದಿಯ ಮಾತು ಕೇಳಿಸುವುದಿಲ್ಲ, ಸಪ್ಲೈಯರ್ ಮಧ್ಯದಲ್ಲೇ ನಿಂತು ಬಡಿಸಿ ತುದಿಯವರನ್ನು ಮರೆಯುತ್ತಾರೆ. ಎಂಟೆಂಟು ಜನರ ಎರಡು ಮೇಜು, ನಡುವೆ ಒಬ್ಬರು ಓಡಾಡುವಷ್ಟು ಜಾಗ ಇದ್ದರೆ ಸಾಕು.

ಇನ್ನು ಅಡುಗೆಮನೆಯ ಲೆಕ್ಕ. ವಿಮರ್ಶೆಗಳಲ್ಲಿ ಯಾರೂ ಬರೆಯದ ಭಾಗ ಇದು, ನಿಜವಾಗಿ ಊಟ ನಿಂತಿರುವುದು ಇದರ ಮೇಲೆ. ಸಾಮಾನ್ಯ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ತಂದೂರ್‌ಗೆ ಒಬ್ಬರು, ಚೈನೀಸ್ ಒಲೆಗೆ ಒಬ್ಬರು, ಗ್ರೇವಿಗೆ ಒಬ್ಬರು ಇರುತ್ತಾರೆ. ಚೈನೀಸ್ ಬಾಣಲೆಯಲ್ಲಿ ಒಂದೇ ಸಲಕ್ಕೆ ಎರಡು ಮೂರು ಪ್ಲೇಟ್ ಫ್ರೈಡ್ ರೈಸ್ ಆಗುತ್ತದೆ. ಮೂರು ಪ್ಲೇಟ್ ಒಂದೇ ಬಗೆ ಹೇಳಿದರೆ ಒಂದು ಸುತ್ತು. ವೆಜ್ ಒಂದು, ಎಗ್ ಒಂದು, ಶೆಜ್ವಾನ್ ಒಂದು ಅಂದರೆ ಮೂರು ಸುತ್ತು, ನಡುವೆ ಬಾಣಲೆ ತೊಳೆಯುವುದೂ ಸೇರಿತು. ಹದಿನಾರು ಜನ ತಮತಮಗೆ ಬೇಕಾದ್ದನ್ನು ಹೇಳಿದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ (ಕೆಒಟಿ) ಮೊಳ ಉದ್ದ ಆಗುತ್ತದೆ. ಕೊನೆಯ ಐಟಂ ಬರುವಾಗ ಮೊದಲು ತಿಂದವರು ಐಸ್‌ಕ್ರೀಂ ಕೇಳುತ್ತಿರುತ್ತಾರೆ.

ಆದ್ದರಿಂದ ಮೆನು ಕಾರ್ಡನ್ನು ಎಲ್ಲರ ಕೈಗೂ ಕೊಡಬಾರದು. ಇಬ್ಬರು ಕೂತು ಮೊದಲೇ ತೀರ್ಮಾನಿಸಿ ಹೇಳಬೇಕು. ಹದಿನಾರು ಜನರಿಗೆ ಸರಿಹೋಗುವ ಅಳತೆ ಹೀಗಿದೆ. ಸೂಪು ಎರಡೇ ಬಗೆ, ಒನ್ ಬೈ ಟೂ ಮಾಡಿ ಒಟ್ಟು ಎಂಟು. ಸ್ಟಾರ್ಟರ್ ಮೂರು ಬಗೆ, ನಾಲ್ಕು ಜನರಿಗೆ ಪ್ರತಿಯೊಂದರಲ್ಲೂ ಒಂದು ಪ್ಲೇಟ್. ಒಂದು ಪ್ಲೇಟಿನಲ್ಲಿ ಎಂಟು ತುಂಡು ಇದ್ದರೆ ತಲೆಗೆ ಎರಡು ಬರುತ್ತದೆ, ಆರೇ ಇದ್ದರೆ ಯಾರೋ ಇಬ್ಬರಿಗೆ ಕಡಿಮೆ. ತುಂಡು ಎಷ್ಟು ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಗ್ರೇವಿ ಮೂರು ಬಗೆ, ಒಂದು ಬಟ್ಟಲು ಮೂರು ಜನರ ಲೆಕ್ಕದಲ್ಲಿ ಆರು ಬಟ್ಟಲು. ರೊಟ್ಟಿ ತಲೆಗೆ ಎರಡು, ಆದರೆ ಮೂವತ್ತೆರಡನ್ನೂ ಒಟ್ಟಿಗೆ ಹೇಳಬೇಡಿ. ಮೊದಲು ಹದಿನಾರು, ಅದರಲ್ಲಿ ಅರ್ಧ ಮುಗಿದಾಗ ಇನ್ನು ಹತ್ತು, ಆಮೇಲೆ ಕೇಳಿದವರಿಗಷ್ಟೇ. ಬುಟ್ಟಿಯಲ್ಲಿ ಐದು ನಿಮಿಷ ಕೂತ ನಾನ್ ರಬ್ಬರ್ ಆಗಿರುತ್ತದೆ. ಅನ್ನದ ಐಟಂ ಜನರ ಅರ್ಧಕ್ಕಿಂತ ಕಡಿಮೆ ಪ್ಲೇಟ್ ಸಾಕು. ಮೊಸರನ್ನವನ್ನು ಮಾತ್ರ ಮೊದಲೇ ಹೇಳಿಡಿ, ಒಂಬತ್ತೂವರೆಗೆ ಕೇಳಿದರೆ "ಮೊಸರು ಖಾಲಿ ಸಾರ್" ಅನ್ನುವ ಹೋಟೆಲುಗಳೇ ಹೆಚ್ಚು.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇದ್ದರೆ ಬೆಳಿಗ್ಗೆಯೇ ತಿಳಿಸಬೇಕು. ಉತ್ತರ ಭಾರತದ ಗ್ರೇವಿಗಳ ಬೇಸ್ ಮಧ್ಯಾಹ್ನವೇ ಈರುಳ್ಳಿ, ಟೊಮೆಟೊ ಹಾಕಿ ಕುದಿಸಿಟ್ಟದ್ದು. ರಾತ್ರಿ ಎಂಟಕ್ಕೆ "ಈರುಳ್ಳಿ ಇಲ್ಲದೆ ಪನೀರ್ ಮಸಾಲ" ಅಂದರೆ ಹೂಂ ಅನ್ನುತ್ತಾರೆ, ಬರುವುದು ಅದೇ ಬೇಸಿನಿಂದ. ಇಂಥವರಿಗೆ ತಿಳಿಸಾರು, ಕೋಸಂಬರಿ, ತೊವ್ವೆ ಇರುವ ಸಸ್ಯಾಹಾರಿ ಹೋಟೆಲಿನ ಎಲೆಯೂಟವೇ ಸರಿ. ಮಾಂಸ ಬೇಯಿಸುವ ಅಡುಗೆಮನೆಯ ಊಟ ಮಾಡುವುದಿಲ್ಲ ಅನ್ನುವವರು ಗುಂಪಿನಲ್ಲಿ ಇದ್ದಾರೆಯೇ ಎಂದು ಹೋಟೆಲ್ ಹುಡುಕುವ ಮುಂಚೆಯೇ ಕೇಳಿಕೊಳ್ಳಿ. ಒಬ್ಬರಿದ್ದರೂ ಶುದ್ಧ ಸಸ್ಯಾಹಾರಿಗೇ ಹೋಗಿ.

ಎಲೆಯೂಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಿರಿಯರು ಇರುವ ಗುಂಪಿಗೆ ಈ ಊರಿನಲ್ಲಿ ಸಿಗುವ ಅತ್ಯುತ್ತಮ ಸೇವೆ ಇದೇ. ಯಾರಿಗೂ ಮೆನು ಓದುವ ಕಷ್ಟ ಇಲ್ಲ, ಎಲ್ಲರಿಗೂ ಒಂದೇ ಊಟ. ಆದರೆ ಬಕೆಟ್ ಹಿಡಿದ ಒಬ್ಬ ಮನುಷ್ಯ ಎಂಟು ಹತ್ತು ಎಲೆ ಮಾತ್ರ ನೋಡಿಕೊಳ್ಳಬಲ್ಲ. ಇಪ್ಪತ್ತು ಎಲೆಗೆ ಒಬ್ಬರನ್ನೇ ಬಿಟ್ಟರೆ ಮೊದಲ ಎಲೆಯವರು ಸಾರನ್ನಕ್ಕೆ ಬಂದಿರುತ್ತಾರೆ, ಕೊನೆಯ ಎಲೆಗೆ ಇನ್ನೂ ತುಪ್ಪ ಬಿದ್ದಿರುವುದಿಲ್ಲ. "ಎರಡು ಜನ ಬಡಿಸೋರು ಬೇಕು, ಒಬ್ಬರು ಅನ್ನ, ಒಬ್ಬರು ಹುಳಿ ಸಾರು" ಅಂತ ಬುಕಿಂಗ್ ವೇಳೆಯೇ ಬಾಯಿಬಿಟ್ಟು ಹೇಳಿ. ಪಲ್ಯ, ಕೋಸಂಬರಿ, ಉಪ್ಪಿನಕಾಯಿ ಜನ ಕೂರುವ ಮುಂಚೆ ಬಡಿಸಿರಲಿ, ಹಪ್ಪಳ ಮಾತ್ರ ಬೇಡ. ಹತ್ತು ನಿಮಿಷಕ್ಕೆ ಅದು ಮೆತ್ತಗಾಗುತ್ತದೆ, ಅನ್ನದ ಜೊತೆಗೇ ಬರಲಿ.

ನಾಟಿ ಶೈಲಿಯ ಬಾಡೂಟ ಬಯಸುವ ಗುಂಪಿಗೆ ಬೇರೆಯೇ ಲೆಕ್ಕ. ಮಿಲಿಟರಿ ಹೋಟೆಲುಗಳ ಜೋರು ಮಧ್ಯಾಹ್ನ. ರಾತ್ರಿಗೆ ತೆರೆದಿದ್ದರೂ ಬೋಟಿ, ತಲೆಮಾಂಸ, ಕಾಲ್ ಸೂಪು ಉಳಿದಿರುತ್ತದೆ ಅನ್ನುವ ಭರವಸೆ ಇಲ್ಲ. ನಾಟಿಕೋಳಿ ಬೇಯಲು ಬ್ರಾಯ್ಲರ್‌ಗಿಂತ ಎರಡರಷ್ಟು ಹೊತ್ತು ಬೇಕು, ಕೂತ ಮೇಲೆ ಹೇಳಿ ಮಾಡಿಸುವ ಅಡುಗೆ ಅದಲ್ಲ. ಒಂದು ಕೋಳಿ ಐದಾರು ಜನರಿಗೆ ಅಂತ ಇಟ್ಟುಕೊಂಡು ಹದಿನಾರು ಜನರಿಗೆ ಮೂರು ಕೋಳಿ ಅಂತ ಬೆಳಿಗ್ಗೆಯೇ ಹೇಳಿ, ಅಡ್ವಾನ್ಸ್ ಕೊಡಿ. ಮಟನ್ ಆದರೆ ಹಸಿ ಮಾಂಸದ ಲೆಕ್ಕದಲ್ಲಿ ತಲೆಗೆ 150ರಿಂದ 200 ಗ್ರಾಂ.

ಮುದ್ದೆ ಎಲ್ಲಕ್ಕಿಂತ ಸೂಕ್ಷ್ಮ. ಒಂದು ಕೆಜಿ ರಾಗಿ ಹಿಟ್ಟಿಗೆ ಹೋಟೆಲ್ ಅಳತೆಯ ಹತ್ತು ಹನ್ನೆರಡು ಮುದ್ದೆ ಬರುತ್ತದೆ. ಕೋಲಿನಿಂದ ತೊಳಸಿ ಕಟ್ಟಿದ ಕೂಡಲೇ ಮೇಲ್ಮೈ ಹೊಳೆಯುತ್ತಿರುತ್ತದೆ, ಬೆರಳು ಒತ್ತಿದರೆ ಗುಳಿ ಬೀಳುತ್ತದೆ, ಅಂಟುವುದಿಲ್ಲ. ಕಾಲು ಗಂಟೆ ಬಿಟ್ಟರೆ ಹೊಳಪು ಹೋಗಿ ಹೊರಗೆ ಸಿಪ್ಪೆ ಕಟ್ಟುತ್ತದೆ, ಮುರಿದರೆ ಒಳಗೆ ಮೆತ್ತಗೆ ಹೊರಗೆ ಗಟ್ಟಿ, ಸಾರಿನಲ್ಲಿ ಅದ್ದಿದರೂ ನುಂಗಲು ಕಷ್ಟ. ಹಾಗಾಗಿ ಎಲ್ಲರೂ ಕೈ ತೊಳೆದು ಕೂತ ಮೇಲೆ ಮುದ್ದೆ ತೊಳಸಲು ಶುರು ಮಾಡಿ ಅಂತ ಹೇಳಬೇಕು. ಕಾಯುವ ಹತ್ತು ಹದಿನೈದು ನಿಮಿಷಕ್ಕೆ ಖೈಮ ಉಂಡೆಯೋ ಕಾಲ್ ಸೂಪೋ ಇರಲಿ. ಯುಗಾದಿ ಮಾರನೆಯ ವರ್ಷತೊಡಕಿನ ದಿನ ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಗುಂಪಿಗೆ ಬಾಡೂಟ ಬುಕ್ ಮಾಡುವ ಯೋಚನೆಯೇ ಬೇಡ.

ದಿನಗಳ ಮಾತು ಬಂದಿದ್ದರಿಂದ ಹೇಳುತ್ತೇನೆ, ಆಷಾಢ ಗುಂಪಿನ ಊಟಕ್ಕೆ ಒಳ್ಳೆಯ ತಿಂಗಳು. ಮದುವೆ ಇಲ್ಲದೆ ಪಾರ್ಟಿ ಹಾಲ್‌ಗಳು ಖಾಲಿ ಇರುತ್ತವೆ, ದರದಲ್ಲಿ ಮಾತಾಡಬಹುದು. ಶ್ರಾವಣದಲ್ಲಿ ಸಸ್ಯಾಹಾರಿ ಹೋಟೆಲುಗಳು ತುಂಬಿರುತ್ತವೆ, ಅದರಲ್ಲೂ ಶನಿವಾರ. ದಸರೆಯ ಹತ್ತು ದಿನ ಅರಮನೆ ಸುತ್ತಲಿನ ರಸ್ತೆಗಳನ್ನು ಮರೆತು ಕುವೆಂಪುನಗರ, ಗೋಕುಲಂ, ವಿಜಯನಗರದ ಕಡೆ ನೋಡಿ. ತೋಟದಲ್ಲಿ ಮೇಜು ಹಾಕುವ ಜಾಗಗಳು, ವಿನೋಬಾ ರಸ್ತೆಯ ಚಿತ್ತರಂಜನ್ ಅರಮನೆಯಲ್ಲಿರುವ ಗ್ರೀನ್ ಹೋಟೆಲ್‌ನಂಥವು, ಮಾತಾಡುತ್ತಾ ನಿಧಾನವಾಗಿ ಉಣ್ಣುವ ಗುಂಪಿಗೆ ಹೇಳಿ ಮಾಡಿಸಿದಂತಿವೆ. ಮೇ ಮತ್ತು ಅಕ್ಟೋಬರಿನ ಸಂಜೆ ಮಳೆಗೆ ಮಾತ್ರ, ಬಯಲಿನಲ್ಲಿ ಎಲ್ಲೇ ಬುಕ್ ಮಾಡಿದರೂ, ಒಳಗೆ ಬದಲಿ ಜಾಗ ಇದೆಯೇ ಅಂತ ಕೇಳಿಟ್ಟುಕೊಳ್ಳಬೇಕು.

ಪಾರ್ಟಿ ಹಾಲ್ ಸೇವೆಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಗಲಾಟೆ ಇಲ್ಲ, ಕೇಕ್ ಕತ್ತರಿಸಬಹುದು, ಮಕ್ಕಳು ಓಡಾಡಬಹುದು. ಅಂಕ ಕಡಿಮೆಯಾಗುವುದು ಪ್ಲೇಟ್ ಗ್ಯಾರಂಟಿಯಿಂದ. ಇಪ್ಪತ್ತೈದು ಪ್ಲೇಟ್‌ಗೆ ಒಪ್ಪಿ ಹತ್ತೊಂಬತ್ತು ಜನ ಬಂದರೆ ಇಪ್ಪತ್ತೈದಕ್ಕೇ ದುಡ್ಡು. ಬರುತ್ತೇವೆ ಅಂದವರಲ್ಲಿ ಐದಕ್ಕೊಬ್ಬರು ಕೊನೆಗಳಿಗೆಯಲ್ಲಿ ತಪ್ಪಿಸುತ್ತಾರೆ ಅಂತಲೇ ಲೆಕ್ಕ ಹಾಕಿ. ಇಪ್ಪತ್ತು ಜನ ಹೂಂ ಅಂದಿದ್ದರೆ ಹದಿನಾರಕ್ಕೆ ಗ್ಯಾರಂಟಿ ಕೊಟ್ಟು ನಾಲ್ಕು ಹೆಚ್ಚುವರಿ ಸಿದ್ಧವಿರಲಿ ಅಂತ ಹೇಳಿ. "ಅನ್‌ಲಿಮಿಟೆಡ್" ಅಂದಾಗ ಸ್ಟಾರ್ಟರ್ ಮತ್ತು ಸಿಹಿಗೂ ಅದು ಅನ್ವಯವೇ ಅಂತ ಕೇಳಿ, ಸಾಮಾನ್ಯವಾಗಿ ಇರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಲೆಕ್ಕ, ಹಾಲ್ ಎಷ್ಟು ಗಂಟೆಯವರೆಗೆ, ಎಸಿಗೆ ಬೇರೆ ದುಡ್ಡೇ, ಮೈಕ್ ಬಾಡಿಗೆ, ನೀರು ಜಗ್ಗಿನಲ್ಲೋ ಬಾಟಲಿಯಲ್ಲೋ, ಇಷ್ಟನ್ನೂ ದರದ ಸಮೇತ ವಾಟ್ಸಾಪಿನಲ್ಲಿ ಬರೆದು ಅವರಿಂದ "ಓಕೆ" ತರಿಸಿಕೊಳ್ಳಿ. ಬಾಯಿಮಾತಿನಲ್ಲಿ ಒಪ್ಪಿದ ಕ್ಯಾಪ್ಟನ್‌ಗೆ ಅವತ್ತೇ ವಾರದ ರಜೆ ಇರಬಹುದು.

ಬಿಲ್ಲಿನ ವಿಷಯ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5%. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ 18%. ತಲೆಗೆ 1,000 ರೂಪಾಯಿ ಅಂತ ಎರಡೂ ಕಡೆ ಹೇಳಿದರು ಅಂತಿಟ್ಟುಕೊಳ್ಳಿ. ಇಪ್ಪತ್ತು ಜನರಿಗೆ ಒಂದು ಕಡೆ 21,000, ಇನ್ನೊಂದು ಕಡೆ 23,600. ಆದ್ದರಿಂದ ದರ ಕೇಳುವಾಗ "ಟ್ಯಾಕ್ಸ್ ಸೇರಿ ಎಷ್ಟು" ಅಂತಲೇ ಕೇಳಿ. ಕಾಂಪೋಸಿಷನ್ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ, ಚಿಕ್ಕ ಹೋಟೆಲು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗುಂಪಿನ ಬಿಲ್ಲಿನಲ್ಲಿ ಅದು ಕಂಡರೆ ತೆಗೆಸಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದವರ ಕೈಗೆ ಭಕ್ಷೀಸು ಕೊಡುವುದು ಬೇರೆ ವಿಷಯ, ಅದನ್ನು ಧಾರಾಳವಾಗಿ ಕೊಡಿ. ಮೂವತ್ತು ಜನರಿಗೆ ನಗುತ್ತಾ ಬಡಿಸುವುದು ಸಣ್ಣ ಕೆಲಸವಲ್ಲ.

ಬಿಲ್ ಬಂದಾಗ ಒಬ್ಬರೇ ಕಟ್ಟಿ ಆಮೇಲೆ ಹಂಚಿಕೊಳ್ಳಿ. ಹದಿನಾರು ಯುಪಿಐ ಪಾವತಿ ಮಾಡಿಸಿಕೊಳ್ಳಲು ಕ್ಯಾಷಿಯರ್‌ಗೆ ಅರ್ಧ ಗಂಟೆ ಬೇಕು. ರೊಟ್ಟಿ ಮತ್ತು ನೀರಿನ ಬಾಟಲಿ, ಈ ಎರಡು ಸಾಲನ್ನು ಎಣಿಸಿ ನೋಡಿ, ಹೆಚ್ಚುಕಮ್ಮಿ ಆಗುವುದು ಅಲ್ಲೇ. ಕೊನೆಗೆ ಬರುವ ಬೀಡಾ ಮಧ್ಯಾಹ್ನ ಕಟ್ಟಿಟ್ಟು ಒಣಗಿದ್ದರೆ ಬೇಡ ಅನ್ನಿ. ಮೈಸೂರು ಚಿಗುರೆಲೆ, ಅಡಿಕೆ, ಸುಣ್ಣ ಒಂದು ತಟ್ಟೆಯಲ್ಲಿ ಬಿಡಿಯಾಗಿ ಇಡಿ ಅಂತ ಮೊದಲೇ ಹೇಳಿದ್ದರೆ ಇಡುತ್ತಾರೆ, ಹಿರಿಯರು ಇನ್ನೂ ಹತ್ತು ನಿಮಿಷ ಕೂತು ಮಾತಾಡುತ್ತಾರೆ.