ದ್ರವ ಆಮ್ಲಜನಕದ ಕೊಳವೆಗೆ ಒಂದು ಬಾಲ್ ವಾಲ್ವ್: ವಿಮರ್ಶೆ
ಉಡಾವಣಾ ವಾಹನದ ದ್ರವ ಆಮ್ಲಜನಕದ ಕೊಳವೆಗೆಂದು ತಯಾರಾದ, ಹೀಲಿಯಂ ಒತ್ತಡದಿಂದ ತೆರೆದು ಮುಚ್ಚುವ ಈ ಬಾಲ್ ವಾಲ್ವಿನಲ್ಲಿ (ತೂತಿರುವ ಚೆಂಡು ತಿರುಗಿ ಹರಿವನ್ನು ಬಿಡುವ, ತಡೆಯುವ ಕವಾಟ) ಮೊದಲು ಮೆಚ್ಚಬೇಕಾದದ್ದು ಅದರ ಸೀಲು. ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವದೆದುರು ಸಾಮಾನ್ಯ ರಬ್ಬರ್ ಗಾಜಿನಂತೆ ಒಡೆಯುತ್ತದೆ. ಟೆಫ್ಲಾನ್ ಒಡೆಯದಿದ್ದರೂ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗಿ ಸಡಿಲವಾಗುತ್ತದೆ. ಇಲ್ಲಿ ಸೀಲಿನ ಹಿಂದೆ ಸ್ಪ್ರಿಂಗ್ ಇರಿಸಿ, ಕುಗ್ಗಿದಷ್ಟನ್ನೂ ಅದು ಒತ್ತಿ ಸರಿದೂಗಿಸುವಂತೆ ಮಾಡಿರುವುದರಿಂದ, ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲೂ ಸೋರಿಕೆ ಮಿತಿಯೊಳಗೇ ಉಳಿಯಿತು.

ಚೆಂಡಿನ ಬದಿಯಲ್ಲಿ ಕೊರೆದಿರುವ ಸಣ್ಣ ರಂಧ್ರ ಸುಲಭವಾಗಿ ಕಣ್ಣಿಗೆ ಬೀಳದು, ಆದರೆ ವಿನ್ಯಾಸದ ನಿಜವಾದ ಜಾಣ್ಮೆ ಇರುವುದು ಅಲ್ಲಿಯೇ. ವಾಲ್ವ್ ಮುಚ್ಚಿದಾಗ ಒಳಗೆ ಸಿಕ್ಕಿಬಿದ್ದ ದ್ರವ ಬಿಸಿಯೇರಿ ಆವಿಯಾದರೆ ಹುಟ್ಟುವ ಒತ್ತಡ, ವಾಲ್ವಿನ ದೇಹವನ್ನೇ ಸೀಳುವ ಬದಲು ಈ ರಂಧ್ರದ ಮೂಲಕ ಟ್ಯಾಂಕಿನ ಕಡೆಗೆ ಹೊರಟುಹೋಗುತ್ತದೆ. (ಹೀಗಾಗಿ ಇದನ್ನು ಹಿಂದುಮುಂದಾಗಿ ಜೋಡಿಸುವಂತಿಲ್ಲ, ಹರಿವಿನ ದಿಕ್ಕು ತೋರಿಸುವ ಬಾಣವನ್ನು ಇನ್ನಷ್ಟು ಆಳವಾಗಿ ಕೆತ್ತಬೇಕಿತ್ತು.) ಚೆಂಡನ್ನು ತಿರುಗಿಸುವ ದಂಡದ, ಅಂದರೆ ಕಾಂಡದ, ಉದ್ದ ಸಾಕಷ್ಟಿದ್ದು, ಅದರ ಸುತ್ತ ಸೋರಿಕೆ ತಡೆಯುವ ಮೇಲಿನ ಪ್ಯಾಕಿಂಗ್ ಹೆಪ್ಪುಗಟ್ಟುವುದಿಲ್ಲ. ತೂಕ ಮಾತ್ರ ಹೆಚ್ಚೇ.

ಮೈನಸ್ 253 ಡಿಗ್ರಿಯ ದ್ರವ ಜಲಜನಕಕ್ಕೂ ಇದೇ ವಾಲ್ವ್ ಸಾಕೆಂದು ಕೈಪಿಡಿ ಹೇಳುತ್ತದೆ. ಸಾರಜನಕದ ಪರೀಕ್ಷೆಯೊಂದನ್ನೇ ನಂಬಿ ಅದನ್ನು ನಾನು ಒಪ್ಪಲಾರೆ.