ತಾಳಮದ್ದಳೆಯ ಮನೆಯಲ್ಲಿ ಎರಡು ಟ್ಯಾಬ್ಲೆಟ್: ಆಂಡ್ರಾಯ್ಡ್ ಮತ್ತು ಐಪ್ಯಾಡ್

ಶಿರಸಿ ಸಮೀಪದ ನಮ್ಮ ಮನೆಯಲ್ಲಿ ಎರಡು ಮಳೆಗಾಲಗಳಿಂದ ಎರಡು ಟ್ಯಾಬ್ಲೆಟ್‌ಗಳು ಬಳಕೆಯಲ್ಲಿವೆ. ಒಂದು, ಅಕ್ಕ ಬೆಂಗಳೂರಿನಿಂದ ತಂದುಕೊಟ್ಟ 2019ರ ಏಳನೆಯ ತಲೆಮಾರಿನ ಐಪ್ಯಾಡ್; ಇನ್ನೊಂದು, ನಾನು ಪೇಟೆಯಲ್ಲಿ ಕೊಂಡ ಹನ್ನೊಂದು ಇಂಚಿನ ಆಂಡ್ರಾಯ್ಡ್. ಎರಡನ್ನೂ ಹೆಚ್ಚಾಗಿ ಬಳಸುವವರು ಎಪ್ಪತ್ತೆರಡು ವರ್ಷದ ಅಪ್ಪಯ್ಯ. ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವ ಅವರಿಗೆ ಹಳೆಯ ಪ್ರಸಂಗಗಳ (ಪದ್ಯರೂಪದ ಕಥೆಗಳ) ಸ್ಕ್ಯಾನ್ ಪ್ರತಿಗಳನ್ನು ಓದಬೇಕು, ಪದ್ಯದ ಬದಿಗೆ ಟಿಪ್ಪಣಿ ಬರೆಯಬೇಕು, ಹಿರಿಯ ಅರ್ಥಧಾರಿಗಳ ಧ್ವನಿಮುದ್ರಣಗಳನ್ನು ಕೇಳಬೇಕು. ಈ ಮೂರು ಕೆಲಸಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡು ಎರಡನ್ನೂ ಹೋಲಿಸಿದ್ದೇನೆ.

ಕನ್ನಡದ ವಿಷಯದಲ್ಲಿ ಆಂಡ್ರಾಯ್ಡ್ ಮುಂದಿದೆ, ಮತ್ತು ಈ ಮುನ್ನಡೆ ಇಂದಿನದಲ್ಲ. 2014ರ ಆಂಡ್ರಾಯ್ಡ್ 5.0ರಲ್ಲಿಯೇ ಮೆನು, ಸೆಟ್ಟಿಂಗ್ಸ್ ಎಲ್ಲವೂ ಕನ್ನಡದಲ್ಲಿ ದೊರೆತವು. ಆಪಲ್ ಕನ್ನಡದ ಕೀಲಿಮಣೆಯನ್ನು ಕೊಟ್ಟದ್ದೇ ತನ್ನ ಫೋನ್, ಟ್ಯಾಬ್ಲೆಟ್‌ಗಳ ಕಾರ್ಯವ್ಯವಸ್ಥೆಯಾದ ಐಒಎಸ್‌ನ 2017ರ 11ನೆಯ ಆವೃತ್ತಿಯಲ್ಲಿ, ಮೆನುಗಳಂತೂ ಇನ್ನೂ ತಡವಾದವು. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ಬೇಸತ್ತಿದ್ದ ಅಪ್ಪಯ್ಯ, ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನ ಕೈಬರಹ ಸೌಲಭ್ಯದಲ್ಲಿ ಬೆರಳಿನಿಂದಲೇ ‘ಧಾರ್ತರಾಷ್ಟ್ರ’ ಎಂದು ಬರೆದು ಅದು ಅಚ್ಚಿನ ಅಕ್ಷರವಾಗುವುದನ್ನು ಕಂಡ ದಿನದಿಂದ, ಟಿಪ್ಪಣಿ ಟೈಪ್ ಮಾಡಿಕೊಡಲು ನನ್ನನ್ನು ಕರೆಯುವುದನ್ನು ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಇದರಷ್ಟು ತೂಕದ ಸೌಲಭ್ಯ ಮತ್ತೊಂದಿಲ್ಲ.

ಸ್ಕ್ಯಾನ್ ಪ್ರತಿಯ ಮೇಲೆಯೇ ಗುರುತು ಹಾಕುವ ಕೆಲಸದಲ್ಲಿ ಮಾತ್ರ ಐಪ್ಯಾಡ್ ಮೇಲು. ಆಪಲ್ ಪೆನ್ಸಿಲ್‌ನ ಗೆರೆ ಕೈಯ ಹಿಂದೆಯೇ ಬರುತ್ತದೆ, ಅಂಗೈ ಪರದೆಗೆ ತಾಗಿದರೂ ಕಲೆ ಬೀಳುವುದಿಲ್ಲ. ನಮ್ಮ ಆಂಡ್ರಾಯ್ಡ್‌ನಲ್ಲಿ ಅಷ್ಟು ನಯವಾದ ಬರವಣಿಗೆ ಸಿಗಲಿಲ್ಲ. ಆದರೆ ಅದರಲ್ಲಿ ಮೆಮೊರಿ ಕಾರ್ಡ್ ಹಾಕಬಹುದು. ಆಷಾಢದ ಮಳೆಗೆ ಮೂರು ದಿನ ಕರೆಂಟೂ ನೆಟ್‌ವರ್ಕೂ ಇಲ್ಲದಿದ್ದಾಗ ಅಪ್ಪಯ್ಯನ ಜೊತೆಗಿದ್ದದ್ದು ಆ ಕಾರ್ಡಿನಲ್ಲಿ ತುಂಬಿಟ್ಟಿದ್ದ ಧ್ವನಿಮುದ್ರಣಗಳೇ.

ಈ ಸ್ಪರ್ಧೆ ಇಬ್ಬರಿಗೇ ಸೀಮಿತವಾದದ್ದೂ ಗಮನಿಸಬೇಕಾದ ಸಂಗತಿ. ಎಚ್‌ಪಿ ಕಂಪನಿಯ ವೆಬ್‌ಒಎಸ್ ಟ್ಯಾಬ್ಲೆಟ್ 2011ರ ಜುಲೈನಲ್ಲಿ ಬಂದು ಆಗಸ್ಟ್‌ನಲ್ಲಿಯೇ ನಿಂತಿತು. ಬ್ಲ್ಯಾಕ್‌ಬೆರಿಯ ಪ್ಲೇಬುಕ್ ಕೂಡ ಬಹುಕಾಲ ಬಾಳಲಿಲ್ಲ. ಮೈಕ್ರೋಸಾಫ್ಟ್ 2012ರಲ್ಲಿ ಟ್ಯಾಬ್ಲೆಟ್‌ಗಳಿಗೆಂದು ತಂದ ವಿಂಡೋಸ್ ಆರ್‌ಟಿಯ ಕಥೆ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ಹೆಸರು ವಿಂಡೋಸ್ ಆದರೂ ಹೊರಗಿನ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಅದರಲ್ಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲವಾದ್ದರಿಂದ, ನಮ್ಮ ಕಚೇರಿಗಳೂ ಡಿಟಿಪಿ ಅಂಗಡಿಗಳೂ ನೆಚ್ಚಿಕೊಂಡಿದ್ದ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಬೇಕಾದ ಆ್ಯಪ್ ಇಲ್ಲದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರು ಅದರತ್ತ ತಿರುಗುವುದಿಲ್ಲ.

ಆಂಡ್ರಾಯ್ಡ್‌ನ ದೊಡ್ಡ ಕೊರತೆ ಬಾಳಿಕೆಯಲ್ಲಿದೆ. 2019ರ ಆ ಐಪ್ಯಾಡ್‌ಗೆ 2024ರ ಹೊಸ ಆವೃತ್ತಿಯಾದ ಐಪ್ಯಾಡ್‌ಒಎಸ್ 18 ಕೂಡ ದೊರೆಯಿತು. ಆಂಡ್ರಾಯ್ಡ್‌ನಲ್ಲಾದರೆ ಹೊಸ ಆವೃತ್ತಿ ಬರುವುದೂ ಬಿಡುವುದೂ ಟ್ಯಾಬ್ಲೆಟ್ ತಯಾರಿಸಿದ ಕಂಪನಿಯ ಕೈಯಲ್ಲಿರುತ್ತದೆ, ಮತ್ತು ನಮ್ಮದನ್ನು ತಯಾರಿಸಿದವರು ಒಂದೇ ಒಂದು ಆವೃತ್ತಿ ಕೊಟ್ಟು ಸುಮ್ಮನಾಗಿದ್ದಾರೆ. ಮಳೆಗಾಲದ ತೇವಕ್ಕೆ ಚಾರ್ಜಿಂಗ್ ಜಾಗ ಕೆಟ್ಟಾಗ ಶಿರಸಿಯಲ್ಲಿ ಅವರ ಸರ್ವಿಸ್ ಸೆಂಟರ್ ಇರಲಿಲ್ಲ; ಹುಬ್ಬಳ್ಳಿಗೆ ಒಯ್ದು ಕೊಟ್ಟರೆ ಮರಳಿ ಕೈಸೇರಲು ಹದಿನೆಂಟು ದಿನ ಹಿಡಿಯಿತು. ಕೊಳ್ಳುವ ಮೊದಲು ಇದನ್ನು ವಿಚಾರಿಸದೆ ಹೋದದ್ದು ನನ್ನಿಂದಾದ ತಪ್ಪು.

ಹಿರಿಯರಿಗಾಗಿ ಕೊಳ್ಳುವವರಿಗೆ ನಾನು ಈಗಲೂ ಆಂಡ್ರಾಯ್ಡನ್ನೇ ಸೂಚಿಸುತ್ತೇನೆ. ಆದರೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆಂದು ಕಂಪನಿ ಬರವಣಿಗೆಯಲ್ಲಿ ಹೇಳಿದೆಯೋ ಅದನ್ನು ನೋಡಿಕೊಳ್ಳಿ. ಅಂಗಡಿಯಲ್ಲಿಯೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅದನ್ನು ಬಳಸಲಿರುವವರ ಕೈಗೇ ಕೊಟ್ಟು, ನಾಲ್ಕು ಸಾಲು ಬರೆಸಿ ನೋಡಿ.